‘ಆಳ’ಕ್ಕೆ ಒಂದು ಅಡಿಟಿಪ್ಪಣಿ

‘ನೆತ್ತಿಗೇರಿತ ಆಳ’ ಎಂಬಲ್ಲಿರುವ ಅಲಂಕಾರವನ್ನು ಹೆಸರಿಸಿ, ವಿವರಿಸಿ.

ಪ್ರಶ್ನೆಯ ಕೆಳಗೇ ಮಾದರಿ ಉತ್ತರವಿತ್ತು. ‘ವಿರೋಧಾಭಾಸ. ಆಳವು ಕೆಳಮುಖವಾದದ್ದು. ಅದು ನೆತ್ತಿಗೆ ಏರಿತು ಎನ್ನುವಲ್ಲಿ ಮೇಲ್ನೋಟಕ್ಕೆ ವಿರೋಧ ಕಾಣುತ್ತದೆ. ಆದರೆ ಆತ್ಮದ ಆಳವನ್ನು ಅರಿತವರಿಗೆ ಆಳವೇ ಎತ್ತರವೆಂಬ ತತ್ತ್ವವನ್ನು ಅನಕ್ಷರಸ್ಥ ಕವಯಿತ್ರಿ ಸರಳವಾಗಿ ಹೇಳಿದ್ದಾಳೆ.’

ಚಿಕ್ಕೋಡಿಯ ನನ್ನ ಮನೆಯಲ್ಲಿ ಬೆಳಗಿನ ಚಹಾ ಕುಡಿಯುತ್ತ ಇದನ್ನು ಓದಿದೆ. ಆ ಅನಕ್ಷರಸ್ಥ ಕವಯಿತ್ರಿ ನನ್ನ ಚಿಗವ್ವ, ಅಂದರೆ ತಾಯಿಯ ತಂಗಿ. ಕಾಗವಾಡದ ಆಚೆ ಒಂದು ಹಳ್ಳಿಯಲ್ಲಿ, ತನ್ನ ತವರಿನ ಮನೆಯಲ್ಲೇ ಇದ್ದಾಳೆ. ಅವಳಿಗೆ ಓದು ಬರುತ್ತದೆ. ಮರಾಠಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತಿದ್ದಾಳೆ. ಹಾಡು ಸಂಗ್ರಹಿಸಲು ಬಂದವರು ಅದನ್ನು ಕೇಳಿರಲಿಲ್ಲ. ಮುದುಕಿ, ಹಳ್ಳಿ, ಬೀಸುಕಲ್ಲು ಮೂರೂ ಒಂದೇ ಕಡೆ ಸಿಕ್ಕರೆ ‘ಅನಕ್ಷರಸ್ಥ’ ಎಂದು ಬರೆಯುವುದು ರೂಢಿ.

ಪುಸ್ತಕ ನನಗೆ ಬಂದದ್ದು ಪರಿಚಯ ಬರೆಯಲಿಕ್ಕೆ. ನಾನು ಪತ್ರಿಕೆಯ ಡೆಸ್ಕಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ನಿವೃತ್ತನಾದವನು. ಈ ಭಾಗದಲ್ಲಿ ಯಾರು ಪುಸ್ತಕ ಮಾಡಿದರೂ ಒಂದು ಪ್ರತಿ ಕಳಿಸುತ್ತಾರೆ. ಇದನ್ನು ಹೊರತಂದದ್ದು ನಮ್ಮ ಗಡಿಯ ಒಂದು ಸಾಹಿತ್ಯ ಬಳಗ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಹಾಡುವ ಹಾಡುಗಳನ್ನು ಕೂಡಿಸಿ, ಹೈಸ್ಕೂಲು ಮಕ್ಕಳಿಗೆ ಒಪ್ಪುವಂತೆ ಪ್ರತಿ ಹಾಡಿನ ಕೆಳಗೆ ಆಶಯ, ಅಲಂಕಾರ, ಸಂಕೇತ ಎಂದು ವಿಂಗಡಿಸಿ, ಪ್ರಶ್ನೋತ್ತರ ಹಾಕಿದ್ದರು. ವರ್ಷಕ್ಕೊಮ್ಮೆ ಶಾಲೆ ಶಾಲೆಗಳ ನಡುವೆ ಸ್ಪರ್ಧೆ. ಮಕ್ಕಳು ಹಾಡಬೇಕು, ಆಮೇಲೆ ಹಾಡಿನ ಆಶಯ ವಿವರಿಸಬೇಕು. ಒಳ್ಳೆಯ ಕೆಲಸವೇ. ಇಲ್ಲಿ ಕನ್ನಡ ಶಾಲೆ ನಡೆಸುವುದು ಎಷ್ಟು ಕಷ್ಟವೆಂದು ನನಗೂ ಗೊತ್ತು.

ಚಿಗವ್ವನ ಹೆಸರು, ಊರು ಮೇಲೆ ಅಚ್ಚಾಗಿದ್ದ ಹಾಡು ಇಷ್ಟೇ:

ನಡಮನ್ಯಾಗ ನಿಂತಾಗ ನೆತ್ತಿಗೇರಿತ ಆಳ
ಇಳಸಾಕ ಯಾರೂ ಬರಲಿಲ್ಲ | ಅಕ್ಕವ್ವ
ತೊಳಿಯಾಕ ಹೊಳಿ ನೀರ ಸಾಲಲಿಲ್ಲ

ಹಗ್ಗದ ಕೊಡಕೇನ ಗೊತ್ತೈತಿ ಈ ಆಳ
ಹೊತ್ತಾಕಿ ಬಲ್ಲಳ ಅದರ ಭಾರ | ಅಕ್ಕವ್ವ
ಹೊರಿಸಿದವರ ಮನಿ ತಣ್ಣಗಿರಲಿ

ಹಾಡಿನ ಕೆಳಗೆ ಟಿಪ್ಪಣಿ: ಬಾವಿ ಸಂಸಾರದ ಸಂಕೇತ. ಕೊಡ ದೇಹದ ಸಂಕೇತ. ‘ಅಕ್ಕವ್ವ’ ಎಂಬ ಸಂಬೋಧನೆ ಜೀವಾತ್ಮವನ್ನು ಕುರಿತದ್ದು. ಹೊಳೆಯ ನೀರು ಲೌಕಿಕ ಜ್ಞಾನ. ಕೊನೆಯ ಸಾಲು ಆಶೀರ್ವಾದ, ಗ್ರಾಮೀಣ ಹೆಣ್ಣಿನ ಕ್ಷಮಾಗುಣಕ್ಕೆ ಸಾಕ್ಷಿ.

ಹಾಡಿನಲ್ಲಿ ಬಾವಿ ಎಂಬ ಪದವೇ ಇಲ್ಲ. ಹಗ್ಗ ಕಂಡಿತು, ಕೊಡ ಕಂಡಿತು, ‘ಆಳ’ ಕಂಡಿತು. ಸಂಪಾದಕರು ಬಾವಿ ತೋಡಿಬಿಟ್ಟರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಕಾಗವಾಡದ ಸುತ್ತ ಬಾವಿಯ ಆಳಕ್ಕೆ ‘ಖೋಲ’ ಎನ್ನುತ್ತಾರೆ. ‘ಭಾಂವಿ ಭಾಳ ಖೋಲ ಐತಿ’ ಎನ್ನುತ್ತಾರೆ. ‘ಆಳ’ ಎಂದರೆ ಬೇರೆ. ಅದು ಮರಾಠಿಯಿಂದ ಬಂದು ನಮ್ಮ ಅಡುಗೆಮನೆ, ಹೊಲ, ಕಟ್ಟೆಗಳಲ್ಲಿ ಉಳಿದುಕೊಂಡ ಪದ. ಅದರ ಅರ್ಥ, ಮಾಡದ ತಪ್ಪನ್ನು ಒಬ್ಬರ ಮೇಲೆ ಹೊರಿಸುವುದು. ಬರೀ ಹೊರಿಸುವುದಲ್ಲ, ಸುಳ್ಳೇ ಹೊರಿಸುವುದು. ತಪ್ಪು ನಿಜವಾಗಿದ್ದರೆ ಯಾರೂ ಅದನ್ನು ಆಳ ಎನ್ನುವುದಿಲ್ಲ. ಸುಳ್ಳು ಎಂಬುದು ಆ ಪದದ ಹೊಟ್ಟೆಯಲ್ಲೇ ಇದೆ. ಬೇರೆ ವಿಶೇಷಣ ಬೇಡ. ಆಳ ಒಬ್ಬರ ಮೇಲೆ ಬರುತ್ತದೆ, ಏರುತ್ತದೆ, ಅದನ್ನು ಹೊರಿಸುತ್ತಾರೆ, ಇಳಿಸಲಿಕ್ಕೆ ಯಾರಾದರೂ ಬೇಕಾಗುತ್ತದೆ. ವಿರೋಧಾಭಾಸವೂ ಇಲ್ಲ, ಆತ್ಮವೂ ಇಲ್ಲ.

ಅಕ್ಕವ್ವ ಎಂದರೆ ಅಕ್ಕ. ಚಿಗವ್ವನ ಹಿರಿಯಕ್ಕ, ನನ್ನ ದೊಡ್ಡವ್ವ. ಅವಳನ್ನು ಹಾರೂಗೇರಿಯ ಕಡೆ ಕಬ್ಬು, ಜೋಳದ ಹೊಲಗಳಿದ್ದ ಮನೆಗೆ ಕೊಟ್ಟಿದ್ದರು. ಅತ್ತೆಯ ಬೋರಮಾಳ, ಬಂಗಾರದ ಗುಂಡುಗಳ ಸರ, ಒಂದು ದಿನ ಕಾಣಲಿಲ್ಲ. ದೊಡ್ಡವ್ವ ಅದನ್ನು ತವರಿಗೆ ಸಾಗಿಸಿದಳೆಂದರು. ನಡುಮನೆಯಲ್ಲಿ ಎಲ್ಲರೆದುರು ನಿಲ್ಲಿಸಿ ಕೇಳಿದರು. ಯಡೂರಿಗೆ ಕರೆದುಕೊಂಡು ಹೋಗಿ, ಕೃಷ್ಣೆಯಲ್ಲಿ ಮುಳುಗಿಸಿ, ಒದ್ದೆ ಸೀರೆಯಲ್ಲಿ ದೇವರ ಮುಂದೆ ಆಣೆ ಮಾಡಿಸಿದರು. ಆಣೆ ಮಾಡಿದಳು. ‘ಮಾಡಾಕಿ ಮಾಡತಾಳ, ಕಳ್ಳಿಗೇನ ದೇವರ ಅಂಜಿಕಿ’ ಎಂದು, ಬಂದ ಗಾಡಿಯಲ್ಲೇ ತವರಿಗೆ ಕಳಿಸಿದರು. ಇನ್ನೂ ಮಾತು ಸ್ಪಷ್ಟವಾಗಿ ಬಾರದ ಮಗಳನ್ನು ಇಟ್ಟುಕೊಂಡರು. ಹಾಡಿನಲ್ಲಿ ತೊಳೆಯಲು ಸಾಲದೆ ಹೋದ ಹೊಳೆಯ ನೀರು ಆ ಕೃಷ್ಣೆಯದು.

ಮುಂದೆ ಒಂದು ಸುಗ್ಗಿಗೆ ಆ ಮನೆಯವರು ನೆಲದೊಳಗಿನ ಜೋಳದ ಹಗೆಯನ್ನು, ಅಂದರೆ ಕಾಳು ತುಂಬಿಡುವ ಗುಂಡಿಯನ್ನು, ತೆಗೆಸಿದಾಗ, ತಳದಲ್ಲಿ ಬಟ್ಟೆಯ ಗಂಟಿನಲ್ಲಿ ಬೋರಮಾಳ ಸಿಕ್ಕಿತು. ಕಳ್ಳರ ಹೆದರಿಕೆಗೆ ಅತ್ತೆಯೇ ಇಟ್ಟು ಮರೆತಿದ್ದಳು. ಹಗೆಯೊಳಗೆ ಇಳಿದವನು ಸಂತೆಯಲ್ಲಿ ಹೇಳಿದ. ಮಾತು ಕೃಷ್ಣೆ ದಾಟಿ ನಮ್ಮ ಕಡೆ ಬಂತು. ಆ ಮನೆಯವರು ‘ಅದ ಬ್ಯಾರೆ ಸರ’ ಎಂದರು. ದೊಡ್ಡವ್ವನನ್ನು ಕರೆಯಲು ಯಾರೂ ಬರಲಿಲ್ಲ. ಅವಳು ತವರಿನಲ್ಲೇ ದುಡಿದು, ತವರಿನಲ್ಲೇ ಸತ್ತಳು. ಬೋರಮಾಳ ಸಿಕ್ಕ ಸಂಗತಿಯನ್ನು ನಾನು ಚಿಗವ್ವನಿಂದಲ್ಲದೆ, ಹಗೆಗೆ ಇಳಿದವನ ಮಗನಿಂದಲೂ ಬೇರೆಯಾಗಿ ಕೇಳಿದ್ದೇನೆ. ಇಬ್ಬರ ಮಾತೂ ಹೊಂದುತ್ತದೆ. ಅದಕ್ಕಿಂತ ಹೆಚ್ಚಿನ ಪುರಾವೆ ನನ್ನ ಹತ್ತಿರ ಇಲ್ಲ.

ಆ ಮಗಳು, ಸಂಬಂಧದಲ್ಲಿ ನನಗೆ ಅಕ್ಕ, ತಾಯಿ ಕಳ್ಳಿ ಎಂದು ಕೇಳುತ್ತಲೇ ಬೆಳೆದಳು. ಮದುವೆಯಾದ ಮೇಲೂ ಹಾರೂಗೇರಿಯಲ್ಲೇ ಉಳಿದಳು, ಈಗ ಅವಳಿಗೆ ಮೊಮ್ಮಗಳಿದ್ದಾಳೆ. ಹಿಂದೆ ಒಂದು ಮದುವೆಯಲ್ಲಿ ಚಿಗವ್ವ ಅವಳ ಪಕ್ಕ ಕೂತು ‘ನಿಮ್ಮವ್ವನ ಸುದ್ದಿ ಒಂದ ಹೇಳೂದೈತಿ’ ಎಂದಾಗ, ಅಕ್ಕ ಊಟದ ಎಲೆ ಬಿಟ್ಟು ಎದ್ದಳು. ‘ನಮ್ಮ ಮನಿ ಹಿರ್ಯಾರ ಸುದ್ದಿ ನನ್ನ ಮುಂದ ಎತ್ತಬ್ಯಾಡ ಚಿಗವ್ವಾ. ನೀ ಹಡದಾಕಿ ತಂಗಿ, ಅವರು ಸಾಕಿದವರು.’ ಅಂದಿನಿಂದ ಚಿಗವ್ವ ಬಾಯಿ ಬಿಟ್ಟಿರಲಿಲ್ಲ. ಉಳಿದದ್ದು ಹಾಡು. ಕಾಲೇಜಿನ ಹುಡುಗರು ಮೊಬೈಲು ಹಿಡಿದುಕೊಂಡು ಹಾಡು ಕೇಳುತ್ತ ಬಂದಾಗ, ಸೋಬಾನೆ, ಜೋಗುಳ ಎಲ್ಲ ಹಾಡಿ, ಕೊನೆಗೆ ಕೇಳದಿದ್ದರೂ ಇದನ್ನು ಹಾಡಿದ್ದಳು. ಪುಸ್ತಕವಾಗಿ ಶಾಲೆಗಳಿಗೆ ಹೋಗುತ್ತದೆ ಎಂದು ಅವರು ಹೇಳಿದ್ದರು. ಹಾರೂಗೇರಿಯಲ್ಲೂ ಶಾಲೆ ಇದೆ.

ಪುಸ್ತಕ ತೆಗೆದುಕೊಂಡು ನಾನು ಅವಳ ಊರಿಗೆ ಹೋದೆ. ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು.

‘ಏನಂತ ಬರದಾರ, ಓದ ಮಗನ.’

ಓದಿದೆ.

‘ಆತ್ಮ? ಯಾರ ಆತ್ಮ?’

‘ಅಕ್ಕವ್ವ ಅಂದ್ರ ಜೀವಾತ್ಮ ಅಂತ.’

‘ಸತ್ತ ಮ್ಯಾಲ ಆಗ್ಯಾಳೇನ ಮತ್ತ. ಇದ್ದಾಗಂತೂ ಹೊಲಕ್ಕ ಬುತ್ತಿ ಹೊರತಿದ್ಲು.’ ಶೇಂಗಾ ಸಿಪ್ಪೆಯನ್ನು ಉಡಿಯಿಂದ ಕೊಡವಿದಳು. ‘ಮುಂದ ಓದು.’

‘ಮನಿ ತಣ್ಣಗಿರಲಿ ಅಂತ ಆಶೀರ್ವಾದ ಮಾಡೀಯಂತ ನೀ. ಕ್ಷಮಾಗುಣ ಅಂತ ಬರದಾರ.’

ಅದಕ್ಕೆ ನಕ್ಕಳು. ಹಲ್ಲಿಲ್ಲದ ಬಾಯಿ ತುಂಬ, ಕೆಮ್ಮು ಬರುವಷ್ಟು ನಕ್ಕಳು. ‘ಹೆಣಾ ಬಿದ್ದ ಮನ್ಯಾಗ ಒಲಿ ಹಚ್ಚತಾರೇನ ಮಗನ? ಒಲಿ ಹಚ್ಚದ ಮನಿ ತಣ್ಣಗ ಇರತೈತಿ. ಅದನ್ನ ಬೇಡೀನಿ ನಾ. ಆಶೀರ್ವಾದ ಅಂತ, ಆಶೀರ್ವಾದ!’

ನಗು ನಿಂತ ಮೇಲೆ ಕೇಳಿದಳು, ‘ಅಕಿ ಓದಿರಬೇಕೇನ ಇದನ್ನ?’

ಹಾರೂಗೇರಿಯ ಅಕ್ಕನ ಮೊಮ್ಮಗಳು ಅಲ್ಲಿನ ಹೈಸ್ಕೂಲಿನಲ್ಲಿದ್ದಾಳೆ, ಪುಸ್ತಕ ಅವರ ಶಾಲೆಗೂ ಹೋಗಿದೆ, ಓದಿದರೂ ಇದರಲ್ಲಿ ಅವರಿಗೆ ಏನೂ ತಿಳಿಯುವುದಿಲ್ಲ ಎಂದೆ.

‘ನೀ ಪೇಪರದಾಗ ಇದ್ದಾಂವ. ತಿದ್ದಸು. ಖರೆ ಏನೈತಿ ಅಷ್ಟ ಬರಸು, ಹೆಚ್ಚಿಂದ ಬ್ಯಾಡ. ನಮ್ಮಕ್ಕ ತಗೊಂಡಿದ್ದಿಲ್ಲ ಅನ್ನೂದ ಅಕಿ ಕಿವಿಗಿ ಒಮ್ಮಿ ಬಿದ್ದರ ಸಾಕು.’

ಸಂಪಾದಕರು ಇರುವುದು ನಿಪ್ಪಾಣಿಯಲ್ಲಿ. ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಅಲಂಕಾರಶಾಸ್ತ್ರವನ್ನು ಚೆನ್ನಾಗಿ ಬಲ್ಲವರು, ಕೆಟ್ಟ ಮನುಷ್ಯರಲ್ಲ. ನಾನು ಹೋದಾಗ ಮನೆಯವರೊಂದಿಗೆ ಮರಾಠಿಯಲ್ಲಿ ಮಾತಾಡುತ್ತಿದ್ದರು. ನನ್ನನ್ನು ಕಂಡು ಕನ್ನಡಕ್ಕೆ ಹೊರಳಿದರು. ನಿಪ್ಪಾಣಿಯಲ್ಲಿ ಇದು ಮಾಮೂಲು, ಯಾರೂ ಗಮನಿಸುವುದಿಲ್ಲ.

ಪದದ ಅರ್ಥ ಹೇಳಿದೆ. ಅವರು ಕಪಾಟಿನಿಂದ ನಿಘಂಟು ತೆಗೆದರು. ಆಳ: ನೀರಿನ ಅಥವಾ ಬಾವಿಯ ಒಳ ಅಳತೆ, ಗಹನತೆ. ಪುಟದ ಮೇಲೆ ಬೆರಳಿಟ್ಟು ನನ್ನತ್ತ ತಿರುಗಿಸಿದರು.

‘ನೋಡ್ರಿ, ಕನ್ನಡದಾಗ ಇಷ್ಟ ಐತಿ.’

‘ಅದು ಮರಾಠಿ ಶಬ್ದ ಐತ್ರಿ ಸರ.’

‘ಅದಕ್ಕ ಅಲ್ಲೇನ್ರಿ ತೊಂದ್ರಿ! ಪುಸ್ತಕದ ಮ್ಯಾಲ ಗಡಿನಾಡ ಕನ್ನಡದ ಹಾಡು ಅಂತ ಅಚ್ಚ ಹಾಕೀವಿ. ಒಳಗ ಹಾಡಿನ ಮುಖ್ಯ ಶಬ್ದನ ಮರಾಠಿ ಅಂತ ಕೆಳಗ ಬರದ್ರ ಹೆಂಗ್ರಿ? ನಾಳೆ ಆಚೆ ಮಂದಿ ಇದ ಪುಟಾ ಎತ್ತಿ ಹಿಡದು, ನೋಡ್ರಿ ಇವರ ಬೀಸೂಕಲ್ಲೂ ನಮ್ಮ ಭಾಷಾದಾಗ ತಿರಗತೈತಿ ಅಂತಾರ. ಆಗ ಬಳಗದಾವ್ರು ನನ್ನ ಕುಂಡರಸ್ಕೊಂಡ ಕೇಳ್ತಾರ.’

‘ಹಂಗಂತ ಅರ್ಥ ಬದಲ ಮಾಡಿದ್ರೇನ್ರಿ?’

‘ನಾ ಎಲ್ಲಿ ಬದಲ ಮಾಡೀನಿ? ಕಾವ್ಯಕ್ಕ ನೂರ ಅರ್ಥ ಇರ್ತಾವ.’

‘ಹಾಡಿದಾಕಿಗೆ ಒಂದ ಅರ್ಥ ಐತ್ರಿ. ನೀವು ಇಲ್ಲೇ ಹುಟ್ಟಿ ಬೆಳದವ್ರು. ಆಳ ಅಂದ್ರ ಏನಂತ ನಿಮಗ ಗೊತ್ತಿದ್ದಿದ್ದಿಲ್ಲ ಅಂದ್ರ ನಾ ನಂಬಂಗಿಲ್ಲ. ಗೊತ್ತಿದ್ದೂ ಬ್ಯಾರೆ ಬರದೀರಿ.’

ಅವರಿಗೆ ಸಿಟ್ಟು ಬಂತು. ‘ಏನ್ರೀ ನೀವು, ಮನಿಗಿ ಬಂದು, ಬೇಕಂತ ಮಾಡೀರಿ ಅಂತ ನನ್ನ ಮ್ಯಾಲ ಆಳ ಹಾಕಾಕತ್ತೀರೇನ್ರಿ?’

ಒಳಗಿನಿಂದ ಕುಕ್ಕರಿನ ಸೀಟಿ ಕೇಳಿತು. ಅವರು ನಿಘಂಟನ್ನು ಮುಚ್ಚಿ ಪಕ್ಕಕ್ಕಿಟ್ಟರು.

‘ಬಾಯಾಗ ಬರ್ತೈತ್ರಿ,’ ಎಂದರು ಕೊನೆಗೆ, ಕಿಟಕಿಯ ಕಡೆ ನೋಡುತ್ತ. ‘ಬಾಯಾಗ ಏನೇನೋ ಬರ್ತೈತಿ. ಪುಸ್ತಕದ್ದು ಬ್ಯಾರೆ.’

ಆದರೂ ಒಪ್ಪಿದರು. ಪ್ರತಿಗಳು ಮುಗಿದಿದ್ದವು, ಮರುಮುದ್ರಣ ಆಗುವುದಿತ್ತು. ಮರಾಠಿ ಎಂಬ ಮಾತು ಬರುವಂತಿಲ್ಲ, ಅಡಿಟಿಪ್ಪಣಿಯಲ್ಲಿ ಅರ್ಥ ಮಾತ್ರ ಕೊಡೋಣ ಎಂದರು. ಅವರ ಪ್ರತಿಯ ಪುಟದಂಚಿನಲ್ಲಿ ನಾನೇ ಬರೆದುಕೊಟ್ಟೆ: ‘ಆಳ: ಸುಳ್ಳು ಆರೋಪ.’ ದೊಡ್ಡವ್ವನ ಕತೆ ಹೇಳಿದೆ, ಆಶಯದ ಟಿಪ್ಪಣಿಯನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕೆಂದೆ. ಅವರು ಕೇಳಿ ನಿಜವಾಗಿಯೂ ಮರುಗಿದರು. ‘ಛೇ, ಛೇ. ಎಂಥಾ ಮಂದಿ ಇರ್ತಾರ್ರಿ’ ಎಂದರು. ಮೆಟ್ಟಿಲಿನ ತನಕ ಬಂದು ಕಳಿಸಿದರು.

ಫೋನಿನಲ್ಲಿ ಚಿಗವ್ವನಿಗೆ ಹೇಳಿದೆ. ‘ಸುಳ್ಳು ಅಂತ ಹಾಕ್ತಾರಲಾ?’ ಎಂದು ಮತ್ತೆ ಮತ್ತೆ ಕೇಳಿದಳು. ಹಾಕುತ್ತಾರೆ ಎಂದೆ.

ಮರುಮುದ್ರಣ ಮುಂದಿನ ಶಾಲಾ ವರ್ಷಕ್ಕೆ ಬಂತು. ಅಡಿಟಿಪ್ಪಣಿ ಇತ್ತು. ‘ಆಳ: ಆರೋಪ (ಗ್ರಾಮ್ಯ).’

‘ಸುಳ್ಳು’ ಎಂಬ ಪದ ಇರಲಿಲ್ಲ. ಆಶಯವನ್ನು ಬದಲಿಸಿದ್ದರು. ‘ಆರೋಪಕ್ಕೆ ಗುರಿಯಾದ ಹೆಣ್ಣಿನ ಅಂತರಂಗದ ತೊಳಲಾಟ ಮತ್ತು ಪಶ್ಚಾತ್ತಾಪ. ಎಷ್ಟು ತೊಳೆದರೂ ಕಲೆ ಹೋಗದು ಎಂಬ ಅರಿವು. ತನ್ನನ್ನು ದೂರಿದವರಿಗೂ ಒಳಿತನ್ನು ಹಾರೈಸುವ ಮೂಲಕ ಅವಳು ತಪ್ಪಿನಿಂದ ಮೇಲೇಳುತ್ತಾಳೆ.’ ಹೊಳೆಯ ನೀರು ಈಗ ಪಾಪಪ್ರಜ್ಞೆಯ ಸಂಕೇತವಾಗಿತ್ತು. ಮುನ್ನುಡಿಯ ಕೊನೆಯಲ್ಲಿ, ‘ಪದದ ಸರಿಯಾದ ಅರ್ಥವನ್ನು ತೋರಿಸಿಕೊಟ್ಟ ಹಿರಿಯ ಪತ್ರಕರ್ತರಿಗೆ’ ಕೃತಜ್ಞತೆ ಇತ್ತು. ನನ್ನ ಹೆಸರು ಪೂರ್ತಿಯಾಗಿ, ಒಂದು ಅಕ್ಷರವೂ ತಪ್ಪಿಲ್ಲದೆ ಅಚ್ಚಾಗಿತ್ತು.

ಫೋನು ಮಾಡಿದೆ. ‘ಸುಳ್ಳು ಎಲ್ಲಿ ಹೋತ್ರಿ ಸರ?’

‘ಸಮಿತಿಯೊಳಗ ಚರ್ಚಾ ಆತ್ರಿ. ಸುಳ್ಳು ಅಂತ ನಾವ ಹೆಂಗ ತೀರ್ಪ ಕೊಡೂದು ಅಂದ್ರು. ಆ ಮನಿತನದ ಮಂದಿ ಇನ್ನೂ ಅದಾರಂತ ನೀವ ಹೇಳಿದ್ರಿ. ಯಾರರ ಕೋರ್ಟಿಗಿ ಹೋದ್ರ?’

‘ಹಾಡಿನ್ಯಾಗ ಯಾರ ಹೆಸರೂ ಇಲ್ರಿ. ಆಳ ಅಂದ್ರನ ಸುಳ್ಳು ಅಂತ ಆತಲ್ರಿ.’

‘ನೀವು ಪೇಪರದಾಗ ಇದ್ದವ್ರು, ನಿಮಗ ನಾ ಹೇಳಬೇಕೇನ್ರಿ? ಆರೋಪ ಅನ್ನೂದ ಸೇಫ್ ಶಬ್ದ.’

ಅವರು ಹೇಳಿದ್ದು ಸರಿ. ಸುದ್ದಿಮನೆಯಲ್ಲಿ ಅದಕ್ಕಿಂತ ಸುರಕ್ಷಿತವಾದ ಪದ ಇನ್ನೊಂದಿಲ್ಲ. ಹೇಳುವವರಿಗೂ ಜವಾಬ್ದಾರಿ ಇಲ್ಲ, ಬರೆಯುವವರಿಗೂ ಇಲ್ಲ. ಯಾರ ಮೇಲೆ ಬಂದಿದೆಯೋ ಅವರ ಮೇಲೆ ಇದ್ದೇ ಇರುತ್ತದೆ. ಓದುಗ ಅದನ್ನು ಹೇಗೆ ಓದುತ್ತಾನೆಂದು ಡೆಸ್ಕಿನಲ್ಲಿ ಕೂತ ಎಲ್ಲರಿಗೂ ಗೊತ್ತಿದೆ.

‘ಮತ್ತ ಪಶ್ಚಾತ್ತಾಪ ಎಲ್ಲಿಂದ ಬಂತ್ರಿ?’

‘ಆತ್ಮ ತಗದ ಮ್ಯಾಲ ಆಶಯ ಅಂತ ಏನರ ಒಂದ ಬೇಕಲ್ರಿ. ಮಕ್ಕಳು ಬರೀಬೇಕು. ಕೊನೀ ಸಾಲಿನ್ಯಾಗ ಹಾರೈಕಿ ಐತಿ, ಪಶ್ಚಾತ್ತಾಪ ಹೊಂದ್ತೈತಿ. ಮುಂದಿನ ಸಲ ನೋಡೂಣಂತ್ರಿ. ಈಗ ಸಾಲಿಗೋಳಿಗೆ ಎಲ್ಲಾ ಹೋಗ್ಯಾವ.’

ಚಿಗವ್ವನಿಗೆ ಹೇಳಲೇಬೇಕಾಯಿತು. ಅವಳು ಬೈಯಲಿಲ್ಲ. ‘ಮೊದಲಿನದ ಚಲೋ ಇತ್ತಲ್ಲ ಮಗನ. ಯಾರಿಗೂ ತಿಳೀತಿದ್ದಿಲ್ಲ’ ಎಂದಳು.

ಆ ವರ್ಷದ ಸ್ಪರ್ಧೆ ರಾಯಬಾಗದಲ್ಲಿ ನಡೆಯಿತು. ನಾನು ಹೋಗಿರಲಿಲ್ಲ. ಹಾರೂಗೇರಿಯ ಅಕ್ಕನ ಮೊಮ್ಮಗಳು ಇದೇ ಹಾಡನ್ನು ಹಾಡಿ, ಆಶಯ ವಿವರಿಸಿ, ಮೊದಲ ಬಹುಮಾನ ಪಡೆದಳೆಂದು ಚಿಗವ್ವನೇ ತಿಳಿಸಿದಳು. ಅಕ್ಕ ಅವಳಿಗೆ ಫೋನು ಮಾಡಿದ್ದಳಂತೆ. ತಾನಾಗಿ ಫೋನು ಮಾಡಿದ್ದು ಅದೇ ಮೊದಲು. ‘ಬರತೀನಿ ಅಂದಾಳ. ಹುಡಿಗೀನ್ನ ಕರಕೊಂಡ ಬರತೀನಿ ಅಂದಾಳ. ನೀನೂ ಬಾ ಮಗನ. ಏನರ ಕೇಳಿದ್ರ ನೀನ ಹೇಳಾಕಂತ.’ ದನಿಯಲ್ಲಿ ಆಸೆ ಇತ್ತು. ಹಾಡಾದರೂ ಮುಟ್ಟಿತು, ಟಿಪ್ಪಣಿ ಏನೇ ಇರಲಿ, ಆಳ ಎಂಬ ಪದ ಕೇಳಿದರೆ ಹಾರೂಗೇರಿಯವಳಿಗೆ ತಿಳಿಯದೆ ಇರುತ್ತದೆಯೇ ಎಂದು ಅವಳ ಲೆಕ್ಕ. ನನ್ನ ಲೆಕ್ಕವೂ ಅದೇ ಆಗಿತ್ತು.

ಅವರು ಮಧ್ಯಾಹ್ನದ ಬಸ್ಸಿಗೆ ಬಂದರು. ಅಕ್ಕನಿಗೆ ಮೊಣಕಾಲು ನೋವು. ಕಟ್ಟೆ ಏರಲು ಮೊಮ್ಮಗಳ ಹೆಗಲು ಹಿಡಿದಳು. ಚಿಗವ್ವ ಹೋಳಿಗೆ ಮಾಡಿಸಿದ್ದಳು. ಊಟ ಆಗುವವರೆಗೆ ಮಳೆ, ಕಬ್ಬು, ಯಾರ ಮಗಳನ್ನು ಎಲ್ಲಿಗೆ ಕೊಟ್ಟರು ಎಂಬ ಮಾತುಗಳೇ. ಅಕ್ಕ ಅಡುಗೆಯನ್ನು ಹೊಗಳಿದಳು. ಚಿಗವ್ವ ಅವಳ ಮುಖವನ್ನೇ ನೋಡುತ್ತಿದ್ದಳು. ಆ ಮುಖ ದೊಡ್ಡವ್ವನದೇ. ನನಗೂ ಹಾಗೇ ಕಂಡಿತು.

ಊಟವಾದ ಮೇಲೆ ಅಕ್ಕ ಮೊಮ್ಮಗಳಿಗೆ ಹೇಳಿದಳು, ‘ಹೇಳ ಬೇ, ಅಲ್ಲಿ ಹೇಳಿದ್ಯಲ್ಲ, ಮುತ್ತಜ್ಜಿಗೆ ಕೇಳಸು.’

‘ಇಲ್ಲೇ ಏನ ಆಯಿ?’

‘ಇಲ್ಲೇ ಹೇಳು. ನಾಚಿಕೇನ? ಅಷ್ಟ ಮಂದಿ ಮುಂದ ಹೇಳಿ ಬಂದೀ.’

ಹುಡುಗಿ ಎದ್ದು ನಿಂತು, ಕೈಕಟ್ಟಿ, ಮೊದಲು ಹಾಡಿದಳು. ದನಿ ಚೆನ್ನಾಗಿತ್ತು. ಆಮೇಲೆ ಒಂದೇ ಉಸಿರಿನಲ್ಲಿ, ‘ಪ್ರಸ್ತುತ ತ್ರಿಪದಿಯ ಆಶಯ ಪಶ್ಚಾತ್ತಾಪವಾಗಿದೆ. ಇಲ್ಲಿ ಹೊಳೆಯ ನೀರು ಪಾಪಪ್ರಜ್ಞೆಯ ಸಂಕೇತವಾಗಿದೆ. ಎಷ್ಟು ತೊಳೆದರೂ ತನ್ನ ಕಲೆ ಹೋಗದೆಂದು ಅರಿತ ಹೆಣ್ಣು, ತನ್ನನ್ನು ದೂರಿದವರಿಗೂ ಒಳಿತನ್ನು ಹಾರೈಸುತ್ತಾಳೆ. ಇದರಿಂದ ನಮ್ಮ ಜನಪದ ಹೆಣ್ಣುಮಕ್ಕಳ ದೊಡ್ಡ ಗುಣ ತಿಳಿದುಬರುತ್ತದೆ’ ಎಂದು ಮುಗಿಸಿ, ಚಪ್ಪಾಳೆಗೆ ಕಾಯುವವಳಂತೆ ನಿಂತಳು. ಅಕ್ಕ ಅವಳ ತಲೆ ಸವರಿ, ಹಿತ್ತಿಲಲ್ಲಿ ಕರು ನೋಡಿಕೊಂಡು ಬಾ ಎಂದು ಕಳಿಸಿದಳು.

‘ಚಿಗವ್ವಾ, ಇದ ನಮ್ಮವ್ವನ ಸುದ್ದಿ ಹೌದಲ್ಲ?’

‘ಹೌದ ಬೇ ಮಗಳ.’

‘ಹೋದ ವರ್ಷ ಆತ್ಮ ಅಂತ ಓದತಿತ್ತ ಈ ಹುಡಿಗಿ, ನನಗ ಹೊಳೀಲಿಲ್ಲ. ಈ ವರ್ಷ ತಿಳೀತ.’ ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ಇಷ್ಟ ವರ್ಷ ಅಕಿ ಮ್ಯಾಲ ಹೊಟ್ಟ್ಯಾಗ ಸಿಟ್ಟ ಇಟಗೊಂಡಿದ್ನಿ. ಮಾಡೂದ ಮಾಡಿ, ಆಣೀನೂ ಸುಳ್ಳ ಮಾಡಿ, ನನ್ನ ಬಿಟ್ಟ ಹ್ವಾದ್ಲು ಅಂತ. ಈಗ ಬಗಿಹರೀತು. ಮನಸಿನ್ಯಾ‌ಗ ಅಕಿಗೂ ಹತ್ತಿತ್ತಲ್ಲ. ತೊಳದ್ರ ಹೋಗಂಗಿಲ್ಲ ಅಂತ ತಿಳದಿತ್ತಲ್ಲ ಅಕಿಗೆ, ಅಷ್ಟ ಸಾಕ ನನಗ. ತಪ್ಪ ಯಾರ ಮಾಡಂಗಿಲ್ಲ? ನಾ ಮಾಫ ಮಾಡೀನಿ ಚಿಗವ್ವಾ. ಅದನ್ನ ಹೇಳಾಕ ಬಂದ್ನಿ.’

ಚಿಗವ್ವ ಅವಳತ್ತ ಸರಿದು ಕೂತಳು.

‘ಅಕಿ ತಗೊಂಡಿದ್ದಿಲ್ಲ.’

‘ಆತ ಬಿಡ, ಇರಲಿ.’

‘ಹಗ್ಯಾಗ ಸಿಕ್ಕತಿ. ನಿಮ್ಮ ಮನ್ಯಾಗ. ನಿಮ್ಮ ಹಗ್ಯಾಗ.’

ಅಕ್ಕನಿಗೆ ಈ ಸಲ ಸಿಟ್ಟು ಬರಲಿಲ್ಲ. ಚಿಗವ್ವನ ಕೈ ಹಿಡಿದುಕೊಂಡಳು. ಸಣ್ಣ ಮಕ್ಕಳ ಜೊತೆ ಮಾತಾಡುವ ದನಿಯಲ್ಲಿ, ‘ನಿನಗ ಹಂಗ ಅನಸೂದ. ಒಡಹುಟ್ಟಿದಾಕಿ ನೀ’ ಎಂದಳು.

ನಾನು ಬಾಯಿ ಹಾಕಿದೆ. ‘ಅಕ್ಕಾ, ಆಳ ಅಂದ್ರ ಏನಂತ ನಿನಗ ಗೊತ್ತೈತಿ.’

‘ಗೊತ್ತೈತಿ ತಮ್ಮಾ. ನಾವೂ ಅಂತೀವಲ್ಲ ದಿನಾ. ತಂಗಿ ಹಾಡತಾಳ ಅಂದ್ರ ಆಳ ಅನ್ನಾಕಿನ, ಮತ್ತೇನ ಅಂದಾಳ? ಆದ್ರ ಕಲತವ್ರು ತೂಗಿ ನೋಡಿ ಬರದಾರಲ್ಲ ಕೆಳಗ, ಆರೋಪ ಅಂತ. ಸುಳ್ಳ ಇದ್ದಿದ್ರ ಸುಳ್ಳ ಅಂತ ಬರೀತಿದ್ದಿಲ್ಲೇನ?’ ಸ್ವಲ್ಪ ತಡೆದು ಸೇರಿಸಿದಳು, ‘ನಿನ್ನ ಹೆಸರೂ ಐತೆಲ್ಲ ಅದರಾಗ. ಹುಡಿಗಿ ತೋರಿಸ್ತು. ನೀನ ತಿದ್ದಿಸೀಯಂತ.’

ಸಮಿತಿಯ ಚರ್ಚೆ, ಸೇಫ್ ಶಬ್ದ, ನಿಪ್ಪಾಣಿಯ ಮಾತು ಎಲ್ಲ ಹೇಳಿದೆ. ನನ್ನ ಕಿವಿಗೇ ಅದು ಅಚ್ಚಾದ ಮೇಲೆ ಕೊಡುವ ಸಮಜಾಯಿಷಿಯಂತೆ ಕೇಳಿಸಿತು. ಅಕ್ಕ ಮರ್ಯಾದೆಯಿಂದ ಕೇಳಿಸಿಕೊಂಡಳು. ‘ಇರಲಿ ತಮ್ಮಾ. ನೀನೂ ತವರ ಮನ್ಯಾಂವ. ಈಗ ಯಾರದೂ ಯಾರ ಮ್ಯಾಲೂ ಸಿಟ್ಟಿಲ್ಲ. ಬಿಡು.’

ಬಸ್ಸಿನ ಹೊತ್ತಾಯಿತು. ಚಿಗವ್ವ ಎದ್ದು ಅಕ್ಕನಿಗೆ ಕುಂಕುಮ ಹಚ್ಚಿ, ಖಣ ಕೊಟ್ಟು, ಉಡಿ ತುಂಬಿದಳು. ತವರಿಗೆ ಬಂದ ಹೆಣ್ಣುಮಗಳಿಗೆ ಮಾಡುವ ಯಾವುದನ್ನೂ ಬಿಡಲಿಲ್ಲ. ಅಕ್ಕ ಅವಳ ಕಾಲಿಗೆ ಬಿದ್ದಳು. ಹುಡುಗಿಯೂ ಬಿದ್ದಳು. ‘ಇನ್ನ ಬರ್ಕೋತ ಇರ್ತೀನಿ ಚಿಗವ್ವಾ, ಹಗರಾತ ನನಗ’ ಎಂದು ಅಕ್ಕ ಹೋದಳು. ನಿಜವಾಗಿಯೂ ಅವಳ ಮುಖ ಹಗುರಾಗಿತ್ತು.

ನಾನು ಅವರನ್ನು ಬಸ್ ಹತ್ತಿಸಿ ಬಂದಾಗ ಚಿಗವ್ವ ನಡುಮನೆಯಲ್ಲಿ ಗೋಡೆಗೆ ಆತು ಕೂತಿದ್ದಳು. ನಿಪ್ಪಾಣಿಗೆ ಮತ್ತೆ ಹೋಗುತ್ತೇನೆ, ಮುಂದಿನ ಮುದ್ರಣದಲ್ಲಿ ಸರಿ ಮಾಡಿಸುತ್ತೇನೆ ಎಂದೆ.

‘ಯಾರಿಗೆ?’ ಎಂದಳು.

ನಾನು ಅವಳ ಎದುರು ಕೂತೆ.

‘ಸಿಟ್ಟಿದ್ದಾಗ ಅಕಿ ಬರತಿದ್ದಿಲ್ಲ, ಖರೆ. ಆದ್ರ ಸಿಟ್ಟಿದ್ದವ್ರು ಎಂದರ ಒಂದಿನ ಬಂದ, ಖರೆ ಏನು ಅಂತ ಜಗಳಾ ತಗದ ಕೇಳತಾರ ಮಗನ. ನಾ ಅದಕ್ಕ ಕುಂತಿದ್ನಿ. ಈಗ ಮಾಫ ಮಾಡಿ, ಉಡಿ ತುಂಬಿಸ್ಕೊಂಡ ಹ್ವಾದ್ಲು. ಇನ್ನ ಏನ ಕೇಳತಾಳ ಅಕಿ?’